ತಗ್ಗಿನಲ್ಲಿ ನಿಂತ ಮಸಿ



ಸೊಲ್ಲಾಪುರ-ಅಕ್ಕಲಕೋಟೆಗಳ ಸೀಮೆಯಲ್ಲಿ ಕನ್ನಡ ಶಿಲಾಶಾಸನಗಳುಂಟು. ಅವುಗಳ ಮೇಲೆ ಒದ್ದೆ ಕಾಗದವನ್ನು ಬಡಿದು ಕೂರಿಸಿ ಮಸಿ ತಟ್ಟಿದರೆ ಕೊರೆದ ಅಕ್ಷರ ಬಿಳಿಯಾಗಿ ಉಳಿಯುತ್ತದೆ, ಅದು ಪಡಿಯಚ್ಚು. ಇಂಟಾಗ್ಲಿಯೊ ಎಂಬ ತಗ್ಗುಮುದ್ರಣ ಇದಕ್ಕೆ ವಿರುದ್ಧ. ತಾಮ್ರಫಲಕದ ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತಿದಾಗ ತಗ್ಗಿನ ಮಸಿಯೇ ಚಿತ್ರವಾಗುತ್ತದೆ. ಅಕ್ಷರವನ್ನಂತೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯಬೇಕು. ನಮ್ಮ ‘ಳ’ಕಾರ ಕೈಯನ್ನು ಬಹಳ ಕಾಡುತ್ತದೆ!

1925ರಲ್ಲಿ ಚಿತ್ತೂರು ಜಿಲ್ಲೆಯಲ್ಲಿ ಜನಿಸಿದ ಕೃಷ್ಣಾ ರೆಡ್ಡಿಯವರು ಶಿಲ್ಪಿಗಳೂ ಹೌದು. ಪ್ಯಾರಿಸ್ಸಿನಲ್ಲಿ ಅವರು ಫಲಕವನ್ನು ಶಿಲ್ಪದಂತೆಯೇ ಹಲವು ಆಳಗಳಿಗೆ ಕೊರೆದರು. ಜಿಗುಟಿನಲ್ಲಿ ಭಿನ್ನವಾದ ಮಸಿಗಳನ್ನು ಹಚ್ಚಿ ಒಂದೇ ಫಲಕದಿಂದ ಬಹುವರ್ಣಗಳನ್ನು ಪಡೆದರು.

ನಮ್ಮ ಶಾಸನಗಳನ್ನು ನಾಳೆ ಓದಬೇಕಾದವರು ಈ ಶಾಲೆಯ ಮಕ್ಕಳು. ಚಿತ್ರಕಲೆಯ ತರಗತಿಯಲ್ಲಿ ಅವರಿಗೊಂದು ಪ್ಲಾಸ್ಟಿಕ್ ಹಾಳೆ, ಒಂದು ಚೂಪು ಮೊಳೆ ಕೊಡಿರೆಂದು ಗುರುಗಳಲ್ಲಿ ನನ್ನ ಅರಿಕೆ.