ಅವ್ವನ ಹಾಡಿನ ವಹಿ



ಧಾರವಾಡದಿಂದ ಬೆಳಗಾವಿಗೆ ಹೊರಟರೆ ಕಿತ್ತೂರು ದಾಟಿದ ಮೇಲೆ ಎಂ.ಕೆ. ಹುಬ್ಬಳ್ಳಿ ಸಿಗುತ್ತದೆ. ಅಲ್ಲಿ ಮಲಪ್ರಭೆಯ ಪಾತ್ರದೊಳಗೇ ಗಂಗಾಂಬಿಕೆ ತಾಯಿಯ ಐಕ್ಯಸ್ಥಳವಿದೆ. ಸುತ್ತ ಬಾವಿಯಂತೆ ಕಟ್ಟಿದ ಗೋಡೆ, ಒಳಗಿಳಿಯಲು ಮೆಟ್ಟಿಲು. ಕಲ್ಯಾಣದ ಗಲಭೆಯ ನಂತರ ಶರಣರೊಂದಿಗೆ ಬಂದ ಬಸವಣ್ಣನವರ ಮಡದಿ ಇಲ್ಲಿಯೇ ಲಿಂಗೈಕ್ಯರಾದರೆಂಬುದು ನಮ್ಮ ಭಾಗದವರ ನಂಬಿಕೆ. ಬಂದವರು ಕೈಮುಗಿಯುತ್ತಾರೆ, ಕಾಯಿ ಒಡೆಸುತ್ತಾರೆ. ಈ ತಾಯಿ ವಚನ ಬರೆದವರೆಂಬುದು ಎಷ್ಟೋ ಮಂದಿಗೆ ನೆನಪಾಗುವುದಿಲ್ಲ.

ಅವರ ಅಂಕಿತ 'ಗಂಗಾಪ್ರಿಯ ಕೂಡಲಸಂಗಮದೇವ'. ಗಂಡನ ಅಂಕಿತ ಅಲ್ಲಿದೆ, ಅದರ ಮುಂದೆ ತಮ್ಮ ಹೆಸರೂ ಇದೆ. ಓಲೆಯಿಂದ ಓಲೆಗೆ ನಕಲು ಮಾಡಿದವರು ಯಾರೋ, ಆ ನಾಲ್ಕಕ್ಷರ ಕೈಬಿಡಲಿಲ್ಲ. ಬಿಟ್ಟಿದ್ದರೆ ಆ ಮಾತುಗಳೂ ಬಸವಣ್ಣನವರ ಲೆಕ್ಕಕ್ಕೇ ಸೇರುತ್ತಿದ್ದವು. ಫ.ಗು. ಹಳಕಟ್ಟಿಯವರು ತಾಡೋಲೆ ಹುಡುಕಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. 1993ರಲ್ಲಿ ವೀರಣ್ಣ ರಾಜೂರ ಅವರು ಸಂಪಾದಿಸಿದ ಶಿವಶರಣೆಯರ ವಚನ ಸಂಪುಟವೇ ಬಂತು. ಹೆಣ್ಣುಮಕ್ಕಳ ಬರಹ ಒಂದೆಡೆ ಕೂಡಲು ಎಂಟುನೂರು ವರ್ಷ ಬೇಕಾಯಿತು.

ಹಾಗೆ ಯೋಚಿಸುವಾಗ ನನಗೆ ನಮ್ಮವ್ವನ ವಹಿ ನೆನಪಾಗುತ್ತದೆ. ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಯ ಕೆಳಗಿತ್ತು. ಇನ್ನೂರು ಪುಟದ ವಹಿ, ಮೇಲೆ ಹಳೆಯ ಪೇಪರಿನ ಹೊದಿಕೆ. ಬೀಸುವ ಪದ, ಸೋಬಾನೆ ಪದ, ಸವದತ್ತಿ ಎಲ್ಲಮ್ಮನ ಪದ. ನಡುವೆ ಅವಳೇ ಕಟ್ಟಿದ ನಾಲ್ಕಾರು ಹಾಡು. ಒಂದು ಹಾಡಿನ ಮಗ್ಗುಲಲ್ಲೇ ಹಾಲಿನ ಲೆಕ್ಕ, ಅದರ ಮೇಲೆ ಅರಿಷಿಣದ ಬೆರಳು ಒತ್ತಿದ ಗುರುತು. ಯಾವ ಹಾಳೆಯಲ್ಲೂ ಹೆಸರಿಲ್ಲ. ನನಗೆ ಅಳುವೇ ಬಂತು.

ಬೈಲಹೊಂಗಲ, ರಾಮದುರ್ಗದ ಹಳ್ಳಿಗಳಲ್ಲಿ ಇಂಥ ವಹಿ ಇರುವ ಮನೆ ನಮ್ಮದೊಂದೇ ಅಲ್ಲ. ಮನೆ ಸುಣ್ಣ ಬಳಿಯುವಾಗ ಅವೇ ಮೊದಲು ರದ್ದಿಗೆ ಬೀಳುತ್ತವೆ. ದಯವಿಟ್ಟು ರದ್ದಿಯವನನ್ನು ಕರೆಯುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಬರೆದವರು ಇದ್ದರೆ ಮಗ್ಗುಲಲ್ಲಿ ಕೂತು ಕೇಳಿ: ಈ ಹಾಡು ಯಾರದು, ಯಾರಿಂದ ಕಲಿತಿರಿ, ಯಾವಾಗ ಹಾಡುತ್ತಿದ್ದಿರಿ?

ನಾನು ಅವ್ವನ ಕೈಗೆ ಪೆನ್ನು ಕೊಟ್ಟು ಹೆಸರು ಬರಿ ಅಂದೆ. "ನಂದೇನೈತಿ ಅದರಾಗ" ಅಂದಳು. ಬಹಳ ಹೊತ್ತು ವಹಿ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ಆಮೇಲೆ ಮೊದಲ ಹಾಳೆಯಲ್ಲಿ ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರು ಬರೆದಳು. ಅದರ ಕೆಳಗೆ ತನ್ನವ್ವನ ಹೆಸರು. ಅದರ ಕೆಳಗೆ, ನಾನು ಕೇಳದಿದ್ದರೂ, ತವರೂರು ಸುರೇಬಾನ.