ಓದಿನ ಸಾಲಕ್ಕೆ ಮುದ್ದತ್ತು ಉಂಟೇ?



“ರೀ ಸರ, ಮೂರು ವರ್ಷ ಕಟ್ಟಲಿಲ್ಲಂದ್ರ ಸಾಲ ತಾನಾ ಹಾರಿ ಹೋಗತೈತಂತ, ಖರೇ ಏನ್ರಿ?” ವಿಜಯಪುರದ ಚಹಾದಂಗಡಿಯಲ್ಲಿ, ತಿಕೋಟಾದ ದ್ರಾಕ್ಷಿ ತೋಟದಲ್ಲಿ, ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಇಂಥ ಪ್ರಶ್ನೆ ಕಿವಿಗೆ ಬಿದ್ದರೆ ಆಶ್ಚರ್ಯವಿಲ್ಲ. ಮಗನಿಗೋ ಮಗಳಿಗೋ ಎಜುಕೇಷನ್ ಲೋನ್ ತೆಗೆದು, ಓದು ಮುಗಿದರೂ ನೌಕರಿ ಸಿಗದೆ ಕೂತ ಮನೆಯವರ ಪ್ರಶ್ನೆ ಇದು.

ಉತ್ತರ ಅರ್ಧ ಖರೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೊಟ್ಟ ಹಣದ ವಸೂಲಿಗೆ ದಾವೆ ಹೂಡಲು ಮೂರು ವರ್ಷ ಗಡುವು. ಅದು ಮೀರಿದ ಮೇಲೆ ಬಂದ ದಾವೆಯನ್ನು, ಎದುರುಗಾರ ಬಾಯಿ ಬಿಡದಿದ್ದರೂ, ನ್ಯಾಯಾಲಯ ವಜಾ ಮಾಡಬೇಕು. ಮೂರನೆಯ ಸೆಕ್ಷನ್ನಿನಲ್ಲಿ ಹಾಗೇ ಇದೆ. ಇನ್ನರ್ಧ ಮಾತ್ರ ಬೇರೆ. ಗಡುವು ಮುಗಿದರೆ ಕೋರ್ಟಿನ ಬಾಗಿಲು ಮುಚ್ಚುತ್ತದೆಯೇ ಹೊರತು ಸಾಲ ಸಾಯುವುದಿಲ್ಲ ಎಂದು ಸುಪ್ರೀಂ ಕೋರ್ಟು 1958ರಲ್ಲೇ, ಬಾಂಬೆ ಡೈಯಿಂಗ್ ಪ್ರಕರಣದಲ್ಲಿ ಹೇಳಿದೆ.

ಹೆಚ್ಚಿನವರು ತಪ್ಪುವುದು ಲೆಕ್ಕ ಎಲ್ಲಿಂದ ಹಿಡಿಯಬೇಕು ಎನ್ನುವಲ್ಲಿ. ಹುಡುಗ 2018ರಲ್ಲಿ ಎಂಜಿನಿಯರಿಂಗ್ ಸೇರಿ 2022ರಲ್ಲಿ ಮುಗಿಸಿದ ಎನ್ನಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಓದಿನ ಅವಧಿ, ಅದರ ಮೇಲೊಂದು ವರ್ಷ ಕಂತಿಗೆ ಬಿಡುವು. ಅಂದರೆ ಮೊದಲ ಕಂತು ಬರುವುದೇ 2023ರಲ್ಲಿ. ಕಾಲ ಓಡತೊಡಗುವುದು ಆ ಕಂತು ತಪ್ಪಿದ ದಿನದಿಂದ, ಸಾಲ ಪಡೆದ ದಿನದಿಂದಲ್ಲ. ಒಂದೊಂದು ಕಂತಿಗೂ ಅದರದರ ಮೂರು ವರ್ಷ. 15 ವರ್ಷಕ್ಕೆ ಹಂಚಿದ ಸಾಲವಾದರೆ ಕೊನೆಯ ಕಂತು ಬರುವುದು 2038ರ ಹೊತ್ತಿಗೆ. ಇಡೀ ಸಾಲವನ್ನು ಒಂದೇ ಸಲಕ್ಕೆ ಕೇಳುವ ಹಕ್ಕನ್ನೂ ಬ್ಯಾಂಕು ಕರಾರಿನಲ್ಲಿ ಬರೆಸಿಕೊಂಡಿರುತ್ತದೆ. ಹಾಗೆ ಕೇಳಿದರೆ ಲೆಕ್ಕವೇ ಬೇರೆ. ಆ ಕರಾರನ್ನು ಓದಿ ಸಹಿ ಮಾಡಿದ ತಂದೆಯನ್ನು ನಾನಂತೂ ಇನ್ನೂ ಕಂಡಿಲ್ಲ.

ಇನ್ನು ಸಹಿಯ ವಿಷಯ. ಗಡುವು ಮುಗಿಯುವ ಮೊದಲು “ಇಷ್ಟು ಬಾಕಿ ಇದೆ, ಒಪ್ಪಿದ್ದೇನೆ” ಎಂಬ ಕಾಗದಕ್ಕೆ ಸಹಿ ಬಿದ್ದರೆ ಕಾಲಮಿತಿ ಕಾಯ್ದೆಯ 18ನೆಯ ಸೆಕ್ಷನ್ ಪ್ರಕಾರ ಅಂದಿನಿಂದ ಹೊಸ ಮೂರು ವರ್ಷ. ಸಾಲಗಾರ ಗಡುವಿನೊಳಗೆ ಸ್ವಲ್ಪ ಹಣ ಕಟ್ಟಿ, ಅದಕ್ಕೆ ಅವನ ಕೈಬರಹವೋ ಸಹಿಯೋ ಇದ್ದರೂ ಅಷ್ಟೇ. ಬ್ಯಾಂಕಿನ ಅಧಿಕಾರಿ ಮನೆಗೆ ಬಂದು, ಚಹಾ ಕುಡಿದು, “ಒಂದ ಸಹಿ ಹಾಕ್ರಿ ಕಾಕಾ” ಎಂದರೆ ಅದು ಬರೀ ಉಪಚಾರದ ಭೇಟಿಯಾಗಿರಲಿಕ್ಕಿಲ್ಲ. ಅದು ತಪ್ಪೆಂದು ಹೇಳುತ್ತಿಲ್ಲ, ಅವರ ಕೆಲಸವದು. ಮುದ್ದತ್ತು ಮುಗಿದ ಮೇಲೂ “ಕೊಡುತ್ತೇನೆ” ಎಂದು ಬರೆದು ಸಹಿ ಮಾಡಿದರೆ, 1872ರ ಕರಾರು ಕಾಯ್ದೆಯ 25ನೆಯ ಸೆಕ್ಷನ್ ಆ ಮಾತನ್ನು ಹೊಸ ಕರಾರೆಂದೇ ಎತ್ತಿ ಹಿಡಿಯುತ್ತದೆ.

ತಿಕೋಟಾ, ಬಬಲೇಶ್ವರದ ರೈತರಿಗೆ ಇನ್ನೊಂದು ತೊಡಕಿದೆ. 7.5 ಲಕ್ಷ ದಾಟಿದ ಓದಿನ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಅಡವು ಕೇಳುತ್ತದೆ. ಹೊಲ ಅಡವಿಟ್ಟಿದ್ದರೆ ಮೂರು ವರ್ಷದ ಲೆಕ್ಕ ಸಾಲದು. ಅಡವಿನ ಹಣಕ್ಕೆ ದಾವೆ ಹೂಡಲು 12 ವರ್ಷ ಅವಕಾಶ. ಕೃಷಿ ಭೂಮಿಯನ್ನು 2002ರ ಸರ್ಫೇಸಿ ಕಾಯ್ದೆಯಡಿ ಕೋರ್ಟಿಗೆ ಹೋಗದೆ ನೇರ ಹರಾಜು ಹಾಕಲು ಬರುವುದಿಲ್ಲ, ಅದೊಂದು ಆಸರೆ. ಅದೇ ಬ್ಯಾಂಕಿನಲ್ಲಿ ಬೆಳೆ ಸಾಲವೂ ಇದ್ದರೆ, ಒಣದ್ರಾಕ್ಷಿ ಮಾರಿದ ರೊಕ್ಕ ಕಟ್ಟುವಾಗ ಯಾವ ಸಾಲಕ್ಕೆ ಎಂದು ಚಲನ್ನಿನಲ್ಲಿ ಬರೆಯಿರಿ. ಬರೆಯದಿದ್ದರೆ ಮುದ್ದತ್ತು ಮುಗಿದ ಸಾಲಕ್ಕೂ ಬ್ಯಾಂಕು ಅದನ್ನು ಜಮೆ ಮಾಡಿಕೊಳ್ಳಬಹುದು.

ಸಾಲ ಮತ್ತು ಓದು ವಿಜಯಪುರದಲ್ಲಿ ಹತ್ತಿರದ ಬೀಗರು. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ ಕಟ್ಟಿದರು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಕಟ್ಟಿದರು. ಆಗ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಲ್ಲಿ ಹಿಂದೂಗಳ ನಡುವಿನ ಸಾಲಕ್ಕೆ ‘ದಾಮದುಪ್ಪಟ್’ ಎಂಬ ಕಟ್ಟಳೆ: ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರುವಂತಿಲ್ಲ. ಇಂದಿನ ಬ್ಯಾಂಕಿನ ಓದಿನ ಸಾಲಕ್ಕೆ ಆ ಬೇಲಿಯಿಲ್ಲ. ಮತ್ತೆ ಗಡುವಿನ ಮಾತಿಗೆ ಬಂದರೆ, ಅಮೆರಿಕದಲ್ಲಿ ಸರ್ಕಾರಿ ವಿದ್ಯಾರ್ಥಿ ಸಾಲಕ್ಕೆ 1991ರಿಂದ ಕಾಲಮಿತಿಯೇ ಇಲ್ಲ. ನಮ್ಮದು ಅಷ್ಟು ಬಿಗಿಯಲ್ಲ.

ಪತ್ರಿಕೆಯಲ್ಲಿ ‘ರೈಟ್ ಆಫ್’ ಎಂದು ಓದಿ ಮನ್ನಾ ಆಯಿತೆಂದು ಹಿಗ್ಗುವವರಿದ್ದಾರೆ. ಅದು ಬ್ಯಾಂಕಿನ ಪುಸ್ತಕದ ಲೆಕ್ಕ, ವಸೂಲಿ ನಿಲ್ಲುವುದಿಲ್ಲ. ಸಾಲಗಾರರ ಚರಿತ್ರೆ ಬರೆದಿಡುವ ಸಿಬಿಲ್‌ನಲ್ಲೂ ಆ ಕಪ್ಪು ಚುಕ್ಕೆ ಉಳಿದು, ಮುಂದೆ ಮನೆ ಸಾಲ ಕೇಳಿದಾಗ ಎದುರು ಬರುತ್ತದೆ. ವಸೂಲಿಯವರು ಫೋನು ಮಾಡುವುದಕ್ಕೆ ಮಾತ್ರ ಹೊತ್ತಿದೆ: ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಮಾಡಕೂಡದೆಂದು ರಿಸರ್ವ್ ಬ್ಯಾಂಕು ವಿಧಿಸಿದೆ.

ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಕೋರ್ಟಿನ ಸಮನ್ಸನ್ನು ಮಡಚಿ ಜಂತಿಗೆ ಸಿಕ್ಕಿಸುವ ರೂಢಿ. ಹೋಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗಬಹುದು. ಡಿಕ್ರಿಯಾದರೆ ಅದನ್ನು ಜಾರಿ ಮಾಡಲು ಬ್ಯಾಂಕಿಗೆ 12 ವರ್ಷ. ಸಮನ್ಸು ಕೈಗೆ ಬಂದ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಕೊನೆಯ ಕಂತು ಕಟ್ಟಿದ ರಸೀದಿ, ಸಹಿ ಮಾಡಿದ ಕಾಗದಗಳ ತಾರೀಖು ಹಿಡಿದುಕೊಂಡು ವಕೀಲರಲ್ಲಿಗೆ ಹೋಗಿ. ವಕೀಲರ ಫೀ ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಿಜಯಪುರದಲ್ಲೇ ಇದೆ; ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ.