ನಮ್ಮ ಮಾತಿಗೆ ನಮ್ಮದೇ ಸರ್ವರ್

(ಕೋಟುಮಚಗಿಯಲ್ಲಿ ಸೇರಿದ್ದ ರೈತರ ಹಾಗೂ ಪರಿಸರಾಸಕ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕೃಷಿ ವಿಜ್ಞಾನದವನಾದ ನಾನು ಎರೆಭೂಮಿಯ ಕಡಲೆ, ಜೋಳದ ಬಗ್ಗೆ ಮಾತನಾಡುವೆನೆಂದು ತಾವು ನಿರೀಕ್ಷಿಸಿರಬಹುದು. ಇಂದು ಬೇರೊಂದು ಪ್ರಶ್ನೆಯನ್ನು ತಮ್ಮ ಮುಂದಿಡುತ್ತೇನೆ: ನಮ್ಮ ಸಂಘಟನೆಗಳ ಒಳಮಾತು ಈಗ ಯಾರ ವಶದಲ್ಲಿದೆ?

ಕಪ್ಪತಗುಡ್ಡಕ್ಕಿದ್ದ ಸಂರಕ್ಷಿತ ಪ್ರದೇಶದ ಮನ್ನಣೆಯನ್ನು ಸರ್ಕಾರ 2016ರಲ್ಲಿ ಹಿಂತೆಗೆದುಕೊಂಡಾಗ ಈ ಜಿಲ್ಲೆಯ ಜನ ಬೀದಿಗಿಳಿದರು. 2017ರಲ್ಲಿ ಮನ್ನಣೆ ಮರಳಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಅಂಥ ಹೋರಾಟಗಳ ಸಭೆಯ ಕರೆ, ಗಣಿಯ ಛಾಯಾಚಿತ್ರ, ಮನವಿಯ ಕರಡು ಎಲ್ಲವೂ ಇಂದು ಮೊಬೈಲಿನ ಗುಂಪುಗಳಲ್ಲಿಯೇ ಹರಿಯುತ್ತವೆ. ನಮ್ಮ ಮಲೆನಾಡಿನ ಗುಂಪೊಂದರ ನಿರ್ವಾಹಕರ ಖಾತೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಮುಚ್ಚಿತು. ಕಾರಣ ತಿಳಿಯಲಿಲ್ಲ, ಮನವಿಗೆ ಯಂತ್ರದ ಉತ್ತರ ಬಂತು. ಅವರ ಬಳಿಯಿದ್ದ ಮಳೆಯ ಲೆಕ್ಕವೂ ತೊರೆಗಳ ಚಿತ್ರಗಳೂ ಅದರೊಡನೆ ಹೋದವು. ಪ್ರತಿ ಇಟ್ಟುಕೊಳ್ಳದ ತಪ್ಪು ನಮ್ಮದೂ ಹೌದು.

‘ಸಂದೇಶಗಳೆಲ್ಲ ಗೂಢಲಿಪಿಯಲ್ಲಿರುತ್ತವೆ, ಭಯವೇಕೆ?’ ಎಂದು ಕೇಳುವವರಿದ್ದಾರೆ. ಲಕೋಟೆ ಮುಚ್ಚಿದ್ದರೂ ವಿಳಾಸ ಅಂಚೆಯವನ ಕಣ್ಣಿಗೆ ಬೀಳುತ್ತದೆ. ಯಾರು, ಯಾರಿಗೆ, ಎಷ್ಟು ಹೊತ್ತಿಗೆ ಬರೆದರೆಂಬುದನ್ನು ಸರ್ವರ್ ನಡೆಸುವವರು ಬಹುಮಟ್ಟಿಗೆ ತಿಳಿಯಬಲ್ಲರು. ಹೋರಾಟಗಾರರಿಗೆ ಕೆಲವೊಮ್ಮೆ ಮಾತಿಗಿಂತ ಈ ಪಟ್ಟಿಯೇ ಅಪಾಯಕಾರಿ.

ಇದಕ್ಕೆ ಪರಿಹಾರವುಂಟು. 1999ರಲ್ಲಿ ಜ್ಯಾಬರ್ ಎಂಬ ಹೆಸರಿನಿಂದ ಆರಂಭವಾದ ಎಕ್ಸ್‌ಎಂಪಿಪಿ, 2014ರಲ್ಲಿ ಬಂದ ಮ್ಯಾಟ್ರಿಕ್ಸ್ ಇವೆರಡೂ ಮುಕ್ತ ವ್ಯವಸ್ಥೆಗಳು. ಯಾರು ಬೇಕಾದರೂ ಸರ್ವರ್ ನಿಲ್ಲಿಸಬಹುದು; ಇಮೇಲಿನಂತೆ ಒಂದು ಸರ್ವರಿನವರು ಇನ್ನೊಂದರವರಿಗೆ ಬರೆಯಬಹುದು. ಸಿಗ್ನಲ್‌ನ ಸರ್ವರ್ ತಂತ್ರಾಂಶವೂ ಮುಕ್ತವೇ. ಆದರೆ ನಾವು ನಿಲ್ಲಿಸಿದ ಸರ್ವರ್ ಅದರ ಮೂಲ ಬಳಕೆದಾರರೊಡನೆ ಸೇರದೆ ದ್ವೀಪವಾಗಿ ಉಳಿಯುತ್ತದೆ. ಆದ್ದರಿಂದ ಮುಕ್ತವಾಗಿದ್ದರೆ ಸಾಲದು, ಪರಸ್ಪರ ಬೆಸೆಯುವಂತೆಯೂ ಇರಬೇಕು. 2023ರಲ್ಲಿ ಕೇಂದ್ರ ಸರ್ಕಾರ 14 ಆ್ಯಪ್‌ಗಳನ್ನು ತಡೆದಾಗ ಮ್ಯಾಟ್ರಿಕ್ಸ್ ಬಳಸುವ ಎಲಿಮೆಂಟ್ ಅವುಗಳಲ್ಲೊಂದಾಗಿತ್ತು. ಆದರೆ ಮ್ಯಾಟ್ರಿಕ್ಸ್‌ಗೆ ಅದೊಂದೇ ಆ್ಯಪ್ ಅಲ್ಲ. ಒಂದು ಬಾಗಿಲು ಮುಚ್ಚಿದರೆ ಮನೆಯೇ ಮುಚ್ಚಿದಂತಾಗದು.

ಪ್ರಾಸೊಡಿ ಎಂಬ ಎಕ್ಸ್‌ಎಂಪಿಪಿ ತಂತ್ರಾಂಶ ಹಗುರವಾದದ್ದು. ಕೆಲವು ಡಜನ್ ಜನರ ಗುಂಪಿಗೆ ಅಂಗೈ ಅಗಲದ ರಾಸ್ಪ್‌ಬೆರಿ ಪೈ ಗಣಕವೇ ಸಾಕು. ಸುರಕ್ಷಿತ ಸಂಪರ್ಕದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತದೆ. ನಮ್ಮ ಹಳ್ಳಿಗಳ ತೊಡಕುಗಳು ಎರಡು: ವಿದ್ಯುತ್ ಕಡಿತ, ಮತ್ತು ಅನೇಕ ಮನೆಗಳು ಒಂದೇ ಅಂತರಜಾಲ ವಿಳಾಸವನ್ನು ಹಂಚಿಕೊಳ್ಳುವುದರಿಂದ ಹೊರಗಿನವರಿಗೆ ನಮ್ಮ ಪೆಟ್ಟಿಗೆ ಸಿಗದಿರುವುದು. ಹಾಗಿದ್ದಲ್ಲಿ ಸಣ್ಣ ಸರ್ವರೊಂದನ್ನು ಬಾಡಿಗೆಗೆ ಹಿಡಿಯಬೇಕಾಗುತ್ತದೆ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಸಮುದಾಯದ ವೈಫೈ ಜಾಲವನ್ನು ಕಟ್ಟಿದ ಪ್ರಯೋಗ, ಇಂಥ ಕೆಲಸ ಹಳ್ಳಿಗೆ ಅಸಾಧ್ಯವಲ್ಲವೆಂದು ತೋರಿಸಿದೆ.

ಆದರೆ ಯಂತ್ರಕ್ಕಿಂತ ಕಷ್ಟದ್ದು ಅದರ ಆಡಳಿತ. ಹಗೇವು ತೋಡಿದರಷ್ಟೇ ಜೋಳ ಉಳಿಯುವುದಿಲ್ಲ. ತೇವ ತಗಲದಂತೆ ಕಾಯಬೇಕು. ಸರ್ವರಿಗೂ ಹಾಗೆಯೇ: ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು, ಪ್ರತಿ ತೆಗೆದು ಬೇರೆಡೆ ಇಡಬೇಕು. ಕೀಲಿ ಒಬ್ಬನ ಕೈಯಲ್ಲೇ ಉಳಿದರೆ ಹಳೆಯ ಸಾಹುಕಾರನ ಜಾಗಕ್ಕೆ ಹೊಸ ಸಾಹುಕಾರನನ್ನು ಕೂರಿಸಿದಂತಾಯಿತು. ಕಾನೂನಿನ ಹೊಣೆಯೂ ನಡೆಸುವವರ ಮೇಲಿರುತ್ತದೆಂಬುದನ್ನು ಮರೆಯಬಾರದು.

ಈ ಎಚ್ಚರ ತಮಗೆ ಹೊಸದಲ್ಲ. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಸದಸ್ಯರ ಹಣ ಸದಸ್ಯರ ಕೈಯಲ್ಲಿರಬೇಕು, ಲೆಕ್ಕ ಎಲ್ಲರ ಮುಂದಿರಬೇಕು ಎಂಬುದೇ ಸಹಕಾರದ ತಿರುಳು. ಮಾತಿನ ವಿಷಯದಲ್ಲಿಯೂ ಅದೇ ನಿಯಮ ಸಲ್ಲುತ್ತದೆ.

ಆದುದರಿಂದ ನನ್ನ ಸಲಹೆ ಇಷ್ಟು. ಇಪ್ಪತ್ತು ಜನರಿಂದ ಆರಂಭಿಸೋಣ. ಕೀಲಿ ಇಬ್ಬರ ಬಳಿ ಇರಲಿ. ಏನನ್ನು ಎಷ್ಟು ದಿನ ಉಳಿಸಿಕೊಳ್ಳಬೇಕೆಂಬುದನ್ನು ಸಭೆಯೇ ಬರೆದು ನಿರ್ಧರಿಸಲಿ. ಈಗಿರುವ ಗುಂಪುಗಳನ್ನು ಇಂದೇ ತೊರೆಯಬೇಕಿಲ್ಲ. ಊರಿಗೆಲ್ಲ ತಿಳಿಸುವ ಸುದ್ದಿ ಅಲ್ಲಿರಲಿ, ಸಂಘಟನೆಯ ಒಳಮಾತು ನಮ್ಮಲ್ಲಿರಲಿ. ಬೀಜವನ್ನು ಮನೆಯಲ್ಲಿಟ್ಟುಕೊಳ್ಳುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.